ಕೌಲ್ ಬಜಾರಿನ ಪಂಪ್ ಬಂದೂಕು

ಮೊದಲು ನೋಡಿದ ಬಂದೂಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ಕಂಡ ಕೂಡಲೇ ನನ್ನ ಮನಸ್ಸು ಹಿಂದೆ ಸರಿಯಿತು.

ರಾಯಚೂರು ಕಡೆಯ ಒಂದು ಬಂದೂಕಿನ ಅಂಗಡಿ. ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಅದನ್ನು ಮಲಗಿಸಿದ್ದರು. ವಿಂಚೆಸ್ಟರ್ ಕಂಪನಿಯ 1897ರ ಮಾದರಿ, 12 ಬೋರ್ (ನಳಿಗೆಯ ಅಗಲದ ಅಳತೆ), ಪಂಪ್ ಆ್ಯಕ್ಷನ್. ಕುದುರೆ, ಅಂದರೆ ಬಡಿದು ತೋಟಾ ಸಿಡಿಸುವ ಸುತ್ತಿಗೆ, ಹೊರಗೇ ಎದ್ದು ಕಾಣುವಂಥದ್ದು. ಅದರ ಮಾಲೀಕರ ಬಳಿ ಮೂರು ಬಂದೂಕುಗಳಿದ್ದವಂತೆ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿಯಾಗಿ ಒಬ್ಬರಿಗೆ ಎರಡೇ ಎಂದು ನಿಗದಿಯಾದಾಗ ಇದನ್ನು ಅಂಗಡಿಗೆ ಒಪ್ಪಿಸಿದ್ದರು. ಬೆಲೆ ಮೂರು ಲಕ್ಷ. ಕಬ್ಬಿಣವೆಲ್ಲ ಕಪ್ಪು ದ್ರಾಕ್ಷಿಯ ಬಣ್ಣ. ಕಟ್ಟಿಗೆಯ ಮೇಲೆ ಮುಖ ಕಾಣುವಂಥ ಪಾಲಿಶ್.

"ನೂರು ವರ್ಷದ ಮಾಲು ನೋಡ್ರಿ ಸರ, ಎಲ್ಲ್ಯರ ಒಂದು ಗೀರು ತೋರಸ್ರಿ," ಎಂದರು ಅಂಗಡಿಯವರು.

ಗೀರು ಇರಲಿಲ್ಲ ನಿಜ. ನಳಿಗೆಯ ಮೇಲಿನ ಅಕ್ಷರಗಳ ಅಂಚೂ ಇರಲಿಲ್ಲ. ಅಚ್ಚು ಹೊಡೆದ ಅಕ್ಷರವನ್ನು ಉಗುರಿನಿಂದ ಸವರಿದರೆ ಅದು ಉಗುರನ್ನು ಹಿಡಿಯಬೇಕು. ಇಲ್ಲಿ ಉಗುರು ಜಾರಿಹೋಯಿತು. ಸ್ಕ್ರೂಗಳ ಸುತ್ತ ಕಬ್ಬಿಣ ಸಣ್ಣ ಬಟ್ಟಲಿನಂತೆ ಒಳಗೆ ಸರಿದಿತ್ತು. ಬಫಿಂಗ್ ಚಕ್ರಕ್ಕೆ ಹಿಡಿದು ಉಜ್ಜಿದರೆ ಹಾಗೆಯೇ ಆಗುವುದು. ನನ್ನ ವರ್ಕ್‌ಶಾಪಿನಲ್ಲಿ ದಿನಾ ನೋಡುವ ಕೆಲಸ. ಜೇಬಿನಿಂದ ಟೇಪು ತೆಗೆದು ನಳಿಗೆ ಅಳೆದೆ. 24 ಇಂಚು. ಬುಡದಲ್ಲಿ 'ಫುಲ್' ಎಂದು ಅಚ್ಚು ಇದೆ, ಅಂದರೆ ಬಾಯಿ ಬಿಗಿಯಾಗಿರಬೇಕು. ವರ್ನಿಯರ್ ಅಳತೆಗೋಲು ಇಟ್ಟು ನೋಡಿದರೆ ಬಾಯಿ ಹದಿನೆಂಟೂವರೆ ಮಿಲಿಮೀಟರ್, ಒಳಗಿನಷ್ಟೇ ಅಗಲ. ಯಾರೋ ಯಾವಾಗಲೋ ತುದಿಯ ಐದಾರು ಇಂಚು ಕೊಯ್ದುಹಾಕಿದ್ದರು.

ಕೇಳಿದರೆ ಅವರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಎಂದರು. ಪರವಾನಗಿ ಇಲ್ಲದೆ ನಳಿಗೆ ಕುಗ್ಗಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನ ಪ್ರಕಾರ ಅಪರಾಧ. ಹಾಗಾಗಿ ಇದು ಬರೀ ಬೆಲೆಯ ಪ್ರಶ್ನೆಯಾಗಿ ಉಳಿಯಲಿಲ್ಲ. ಚಹಾ ಕುಡಿದು, ನಮಸ್ಕಾರ ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಂಕಟವಾಗುತ್ತಿತ್ತು. ಅದು ಒಂದು ಕಾಲಕ್ಕೆ ಎಂಥ ಚೆಂದದ ಯಂತ್ರವಾಗಿತ್ತೋ! ಅದರ ಮೈಮೇಲೆ ಬರೆದುಕೊಂಡಿದ್ದ ಕಥೆಯನ್ನೆಲ್ಲ ಯಾರೋ ಎಮೆರಿ ಕಾಗದ ಹಿಡಿದು ಅಳಿಸಿಬಿಟ್ಟಿದ್ದರು.

ನಾನು ಗಂಗಾವತಿಯವನು. ಪಂಪ್‌ಸೆಟ್ಟು, ಟ್ರ್ಯಾಕ್ಟರ್ ಇಂಜಿನ್ ರಿಪೇರಿ ನನ್ನ ಉದ್ಯೋಗ. ಹೊಳೆಸಾಲಿನಲ್ಲಿ ನಾಲ್ಕು ಎಕರೆ ಭತ್ತದ ಗದ್ದೆ ಇದೆ. ಅಪ್ಪನ ಒಂಟಿ ನಳಿಗೆಯ ಬಂದೂಕು ನನ್ನ ಹೆಸರಿಗೆ ಬಂದು ಹನ್ನೊಂದು ವರ್ಷವಾಯಿತು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸನ್ಸು. ಆದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಂದಿಯ ಮೇಲೆ ಗುಂಡು ಹಾರಿಸುವಂತಿಲ್ಲ, ಕರಡಿಯ ವಿಷಯವನ್ನಂತೂ ಕೇಳಲೇಬೇಡಿ. ದರೋಜಿಯ ಗುಡ್ಡದಲ್ಲಿರುವಂಥ ಕರಡಿಗಳು ನಮ್ಮ ಕಡೆಯ ಗುಡ್ಡಗಳಲ್ಲೂ ಇವೆ, ಅವು ಇರಲಿ. ಅಪ್ಪ ತನ್ನ ಜೀವಮಾನದಲ್ಲಿ ಆಕಾಶಕ್ಕೆ ಹಾರಿಸಿದ ಗುಂಡುಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು. ಎಣ್ಣೆ ಹಾಕಿ ಒರೆಸಿದ ದಿನಗಳನ್ನು ಮಾತ್ರ ಎಣಿಸಲಾಗದು. ಪ್ರತಿ ಅಮಾವಾಸ್ಯೆಗೆ ಅದೊಂದು ವ್ರತವಾಗಿತ್ತು ಅವರಿಗೆ. ನನಗೆ ಹಳೆಯ ಬಂದೂಕಿನ ಮೇಲೆ ಪ್ರೀತಿ ಹುಟ್ಟಿದ್ದು ಆ ಎಣ್ಣೆಯ ವಾಸನೆಯಿಂದ. ಬೇಟೆಯ ಆಸೆ ನನಗಿಲ್ಲ. ಒಳ್ಳೆಯ ಯಂತ್ರ ಕಂಡರೆ ಅದನ್ನು ಬಿಚ್ಚಿ ನೋಡಬೇಕು, ಅದು ಹೇಗೆ ಯೋಚಿಸುತ್ತದೆ ಎಂದು ತಿಳಿಯಬೇಕು ಎನ್ನುವ ಹಂಬಲವಿದೆ.

ಆ ಕಣ್ಣಿನಿಂದ ನೋಡಿದರೆ ಪಂಪ್ ಬಂದೂಕಿನಷ್ಟು ಹಿಡಿಸುವ ಯಂತ್ರ ಬೇರೆ ಇಲ್ಲ. ನಳಿಗೆಯ ಕೆಳಗೆ ಇನ್ನೊಂದು ಕೊಳವೆ, ಅದರಲ್ಲಿ ತೋಟಾಗಳು ಸಾಲಾಗಿ ಕೂತಿರುತ್ತವೆ. ಆ ಕೊಳವೆಯ ಮೇಲೊಂದು ಮರದ ಹಿಡಿ. ಹಿಡಿಯನ್ನು ಹಿಂದಕ್ಕೆ ಎಳೆದರೆ ಬೀಗ ಬಿಚ್ಚುತ್ತದೆ, ಖಾಲಿ ತೋಟಾ ಹೊರಗೆ ಹಾರುತ್ತದೆ, ಕುದುರೆ ಏರುತ್ತದೆ. ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಎದ್ದು ತನ್ನ ಮನೆಗೆ ಸೇರಿ ಬೀಗ ಬೀಳುತ್ತದೆ. ಎರಡೇ ಚಲನೆಯಲ್ಲಿ ಐದು ಕೆಲಸ. ಸ್ಪೆನ್ಸರ್ ಎಂಬಾತ 1880ರ ದಶಕದಲ್ಲೇ ಇಂಥದ್ದೊಂದನ್ನು ಮಾರುಕಟ್ಟೆಗೆ ತಂದಿದ್ದ. ಅದನ್ನು ಜನರ ಕೈಗೆ ಒಗ್ಗಿಸಿದವನು ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್. ವಿಂಚೆಸ್ಟರಿನವರು ಮೊದಲು ಅವನಿಂದ ಸನ್ನೆ ಹಿಡಿಕೆಯ ಬಂದೂಕನ್ನೇ ಬಯಸಿದರು, 1887ರ ಮಾದರಿ ಹಾಗೆ ಬಂತು. ಆಮೇಲೆ 1893ರ ಪಂಪ್ ಮಾದರಿ. ಹೊಗೆರಹಿತ ಮದ್ದು ಬಳಕೆಗೆ ಬಂದಾಗ ಅದನ್ನೇ ಗಟ್ಟಿ ಮಾಡಿ 1897ರ ಮಾದರಿ ಕಟ್ಟಿದರು. 1957ರವರೆಗೆ ಹತ್ತು ಲಕ್ಷಕ್ಕೂ ಮೇಲೆ ತಯಾರಾದವು.

ನನ್ನ ಆಸೆ ಅದರ ತಮ್ಮನ ಮೇಲೆ. 1912ರಲ್ಲಿ ಥಾಮಸ್ ಕ್ರಾಸ್ಲಿ ಜಾನ್ಸನ್ ವಿನ್ಯಾಸ ಮಾಡಿದ ಮಾದರಿ 12. ಕುದುರೆ ಒಳಗೆ ಅಡಗಿತು, ಮೈ ನುಣುಪಾಯಿತು. ಒಳಗಿನ ಭಾಗಗಳೆಲ್ಲ ಉಕ್ಕಿನ ಗಟ್ಟಿಯಿಂದ ಕೊರೆದು ತೆಗೆದವು, ಕೈಯಿಂದ ಉಜ್ಜಿ ಕೂಡಿಸಿದವು. ಅದೇ ಅದಕ್ಕೆ ಮುಳುವಾಯಿತು. ಹಾಗೆ ಮಾಡುವ ಖರ್ಚು ಏರಿ 1964ರಲ್ಲಿ ಕಂಪನಿ ಅದರ ಸಾಮಾನ್ಯ ತಯಾರಿಕೆ ನಿಲ್ಲಿಸಿತು. ಅಷ್ಟರಲ್ಲಿ ಇಪ್ಪತ್ತು ಲಕ್ಷದ ಹತ್ತಿರ ತಯಾರಾಗಿದ್ದವು. ಬೇರೆ ಒಳ್ಳೆಯವೂ ಇವೆ. ಇಥಾಕಾ 37 ಖಾಲಿ ತೋಟಾವನ್ನು ಕೆಳಗೆ ಉದುರಿಸುತ್ತದೆ, ಎಡಗೈಯವರಿಗೆ ಅದೇ ಹಿತ. ರೆಮಿಂಗ್ಟನ್ 870 ಗಟ್ಟಿ ದುಡಿಮೆಗಾರ. ಆದರೆ ಮಾದರಿ 12ರ ಹಿಡಿ ಎಳೆದಾಗ ಆಗುವ ಸದ್ದನ್ನು ಒಮ್ಮೆ ಕೇಳಿದರೆ ಹೊಸ ಬೇರಿಂಗ್ ಹಾಕಿದ ಮೋಟರ್ ತಿರುಗಿದ ಹಾಗೆ ಇರುತ್ತದೆ. ನನ್ನಂಥವನಿಗೆ ಅಷ್ಟು ಸಾಕು.

ಇಂಥವು ನಮ್ಮ ಸೀಮೆಯಲ್ಲಿ ಎಲ್ಲಿ ಸಿಗಬೇಕು? ನಮ್ಮ ನೆಲಕ್ಕೂ ಬಂದೂಕಿಗೂ ಹಳೆಯ ನಂಟು ಇದೆ ನಿಜ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಬಂದೂಕುಗಾರರು ಕೋಟೆಯ ಗೋಡೆಯ ಮೇಲಿನ ಕಾವಲಿನವರಿಗೆ ಗುರಿಯಿಟ್ಟು ಹೊಡೆದರು ಎಂದು ಇತಿಹಾಸ ಹೇಳುತ್ತದೆ. ಆದರೆ ಮನೆಯ ಗೂಟಕ್ಕೆ ತೂಗುವ ಬಂದೂಕಿನ ಕಥೆ ಬೇರೆ. 1857ರಲ್ಲಿ ಕುಂಪಣಿ ಸರಕಾರ ಆಯುಧ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಒಪ್ಪದೆ ಸತ್ತರು. ಮರುವರ್ಷ ಮುಂಡರಗಿ ಭೀಮರಾಯ ನಮ್ಮ ಕೊಪ್ಪಳದ ಕೋಟೆಯಲ್ಲೇ ಮಡಿದ. ಆಮೇಲೆ 1878ರ ಕಾಯ್ದೆ, ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯ್ದೆ. ಕೊಡಗಿನವರಿಗೆ ಇರುವ ಲೈಸನ್ಸಿನ ವಿನಾಯಿತಿ ನಮಗಿಲ್ಲ. ಇಲ್ಲಿ ಬಂದೂಕೆಂದರೆ ಡಿಸಿ ಆಫೀಸಿನ ಕಾಗದ, ಠಾಣೆಯ ರಿಜಿಸ್ಟರು. ಜೊತೆಗೆ 1980ರ ದಶಕದಿಂದೀಚೆಗೆ ಸಾಮಾನ್ಯ ಮನುಷ್ಯ ಹೊರದೇಶದ ಬಂದೂಕು ತರಿಸಿಕೊಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಯಿತು. ಒಳಗೆ ಬಂದದ್ದಷ್ಟೇ ಉಂಟು, ಹೊಸದು ಬರುವುದಿಲ್ಲ. ಊರ ಕೆರೆಗೆ ಹೊಸ ನೀರು ಬರುವುದು ನಿಂತ ಮೇಲೆ ಇದ್ದ ನೀರಿಗೆ ಎಂಥ ಬೆಲೆಯೋ ಅಂಥ ಬೆಲೆ ಇವಕ್ಕೆ.

ಬಳ್ಳಾರಿಯ ಅಜ್ಜಾರ ಸುದ್ದಿ ಬಂದದ್ದು ಬೀಗರ ಕಡೆಯಿಂದ. ಕೌಲ್ ಬಜಾರಿನಲ್ಲಿ ಹಳೆಯ ಮನೆ, ವಯಸ್ಸು ಎಂಬತ್ತೈದು ದಾಟಿದೆ, ಬಂದೂಕು ಮಾರುತ್ತಾರಂತೆ ಎಂದರು. ಕಂಪ್ಲಿ ಸೇತುವೆ ದಾಟಿ, ಕುರುಗೋಡಿನ ಮೇಲೆ ಹಾದು, ಏಕಶಿಲೆಯ ಗುಡ್ಡ ಕಾಣುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಈ ಹೊಳೆ ದಾಟುವಾಗೆಲ್ಲ ನಮ್ಮಜ್ಜಿ ನೆನಪಾಗುತ್ತಾಳೆ. ಅವಳ ಹರೆಯದಲ್ಲಿ ಈಚೆ ದಂಡೆ ನಿಜಾಮನದು, ಆಚೆ ದಂಡೆ ಮದ್ರಾಸಿನವರದು. ರಜಾಕಾರರ ಕಾಲದಲ್ಲಿ ಜನ ಬುಟ್ಟಿ ಹರಿಗೋಲು ಹತ್ತಿ ಆಚೆ ಹೋಗಿ ಕೂತಿದ್ದರು ಎನ್ನುತ್ತಿದ್ದಳು. ಬಳ್ಳಾರಿ ಮದ್ರಾಸ್ ಪ್ರಾಂತದ ದಂಡಿನ ಊರು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಳೆಯ ವಿಲಾಯಿತಿ ಬಂದೂಕು ಅಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ.

ಅಜ್ಜಾರು ಕಂಬಳಿಯ ಸುರುಳಿಯನ್ನು ತಾವೇ ಬಿಚ್ಚಿದರು. ಯಾರನ್ನೂ ಮುಟ್ಟಗೊಡಲಿಲ್ಲ. ಹಿಡಿಯನ್ನು ಹಿಂದಕ್ಕೆ ಎಳೆದು, ಒಳಗೆ ಬೆರಳು ಹಾಕಿ, ಖಾಲಿ ಎಂದು ನನಗೆ ತೋರಿಸಿದ ಮೇಲೆಯೇ ಕೈಗೆ ಕೊಟ್ಟದ್ದು. ಆ ಒಂದು ನಡವಳಿಕೆಯಿಂದಲೇ ನನಗೆ ಅರ್ಧ ಭರವಸೆ ಬಂತು.

"ನಮ್ಮಪ್ಪ ಮದ್ರಾಸಿನಾಗ ತಗಂಡಿದ್ದು. ಅಮೆರಿಕಕ್ಕೆ ಹೊಳ್ಳಿ ಹೊಂಟಿದ್ದ ಒಬ್ಬ ದೊರಿ ಕೈಯಾಗಿನದು. ನಾನಿನ್ನಾ ಸಾಲಿಗೆ ಹೋಗೋ ಹುಡುಗ," ಎಂದರು.

ಅದು ಹೊಳೆಯುತ್ತಿರಲಿಲ್ಲ. ನಳಿಗೆಯ ನೀಲಿ ಮಾಸಿ, ಕೈ ಹಿಡಿಯುವ ಕಡೆ ಬೂದು ಬಣ್ಣಕ್ಕೆ ತಿರುಗಿತ್ತು. ಬಂದೂಕಿನ ಹೊಟ್ಟೆಯ ಕೆಳಗೆ, ಎಡಗೈಯಲ್ಲಿ ಎತ್ತಿಕೊಂಡು ನಡೆಯುವ ಜಾಗದಲ್ಲಿ, ಬಣ್ಣ ಪೂರಾ ಹೋಗಿ ಬೆಳ್ಳಿಯಂತಾಗಿತ್ತು. ಇಂಥ ಸವೆತವನ್ನು ಯಾರೂ ಸುಳ್ಳು ಸೃಷ್ಟಿಸಲಾರರು. ಕೈ ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ ಸವೆದು, ತಾಗದ ಸಂದುಗಳಲ್ಲಿ ಮೂಲ ನೀಲಿ ಹಾಗೇ ಉಳಿದಿದ್ದರೆ ಅದು ನಂಬಿಕೆಯ ಗುರುತು. ಎಲ್ಲೆಡೆ ಒಂದೇ ಬಣ್ಣವಿದ್ದರೆ ಅನುಮಾನ ಪಡಬೇಕು. ಹಿಡಿಯ ಮೇಲೆ ಸುತ್ತಲೂ ಉಂಗುರ ಉಂಗುರವಾಗಿ ಕೊರೆದಿತ್ತು. ಅದಕ್ಕೆ ಅಮೆರಿಕದವರು ಮೆಕ್ಕೆಜೋಳದ ತೆನೆ ಎನ್ನುತ್ತಾರೆ. ಕೊಪ್ಪಳ ಜಿಲ್ಲೆಯವನಿಗೆ ಆ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಎರಡು ತಾಸು ಕೂತು ನೋಡಿದೆ. ನಡುವೆ ಮನೆಯವರು ಒಗ್ಗರಣಿ ಮಿರ್ಚಿ ತಂದಿಟ್ಟರು. ಎಣ್ಣೆಗೈಯಲ್ಲಿ ಕಬ್ಬಿಣ ಮುಟ್ಟಬಾರದೆಂದು ತಿನ್ನದೆ ಇಟ್ಟೆ, ಅಜ್ಜಾರು ಅದನ್ನು ಗಮನಿಸಿದರು.

ಮಾದರಿ 12 ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಕೊಳವೆಯ ತುದಿಯ ಪಿನ್ನು ಒತ್ತಿ, ಕೊಳವೆಯನ್ನು ಕಾಲು ಸುತ್ತು ತಿರುಗಿಸಿ, ಮುಂದಕ್ಕೆ ಎಳೆದು, ನಳಿಗೆಯನ್ನು ಕಾಲು ಸುತ್ತು ತಿರುಗಿಸಿದರೆ ಆಯಿತು. ಆಗ ಎರಡು ಕಡೆ ಕ್ರಮಸಂಖ್ಯೆ ಕಾಣುತ್ತದೆ, ಮೈಯ ಕೆಳಗೊಂದು, ನಳಿಗೆಯ ಬುಡದ ತುಂಡಿನ ಮೇಲೊಂದು. ಇವೆರಡೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಯಾವುದೋ ಬಂದೂಕಿನ ರುಂಡಕ್ಕೆ ಯಾವುದೋ ಬಂದೂಕಿನ ಮುಂಡ. ಇಲ್ಲಿ ಎರಡೂ ಕೂಡಿದವು. ಲೈಸನ್ಸಿನ ಪುಸ್ತಕದಲ್ಲೂ ಅದೇ ಸಂಖ್ಯೆ. ಕ್ರಮಸಂಖ್ಯೆಗಳ ಪಟ್ಟಿಗೆ ಹೋಲಿಸಿದರೆ 1930ರ ದಶಕದ ನಡುವಿನ ತಯಾರಿಕೆ. ಇನ್ನೂ ಹಳೆಯವುಗಳ ನಳಿಗೆ ಮೇಲೆ 'ನಿಕಲ್ ಸ್ಟೀಲ್' ಎಂದಿರುತ್ತದೆ. ಇದರಲ್ಲಿ 'ಪ್ರೂಫ್ ಸ್ಟೀಲ್' ಎಂದಿತ್ತು. ಕಾಲಕ್ಕೆ ಸರಿಹೊಂದಿತು. ಬಿಚ್ಚಿ ಬಿಚ್ಚಿ ಕೀಲು ಸಡಿಲವಾದರೆ ಬಿಗಿ ಮಾಡಲು ಒಂದು ಹಲ್ಲಿನ ಉಂಗುರ ಇಟ್ಟಿದ್ದಾರೆ. ಸವೆಯುತ್ತದೆ ಎಂದು ಮೊದಲೇ ಯೋಚಿಸಿ, ಸವೆತಕ್ಕೂ ಜಾಗ ಬಿಟ್ಟು ಕಟ್ಟಿದ ಯಂತ್ರ! ಇದನ್ನು ಕಂಡಾಗ ನನಗೆ ಆ ಮಾಡಿದವರಿಗೆ ಕೈ ಮುಗಿಯಬೇಕೆನಿಸಿತು. ಈ ಬಂದೂಕಿನಲ್ಲಿ ಆ ಉಂಗುರವನ್ನು ಇನ್ನೂ ಮುಟ್ಟಿಯೇ ಇರಲಿಲ್ಲ.

ನಳಿಗೆ ಸರಿಯಾಗಿ 30 ಇಂಚು. ಬಾಯಿಗೆ ವರ್ನಿಯರ್ ಇಟ್ಟೆ. 12 ಬೋರ್ ಎಂದರೆ ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದಾಗ ಒಂದು ಉಂಡೆಯ ಅಗಲ. ಲೆಕ್ಕ ಹಾಕಿದರೆ ಒಂದೊಂದು 37.8 ಗ್ರಾಂ, ಅಡ್ಡಳತೆ ಹದಿನೆಂಟೂವರೆ ಮಿಲಿಮೀಟರ್. ಫುಲ್ ಚೋಕ್, ಅಂದರೆ ಪೂರಾ ಬಿಗಿ ಬಾಯಿ, ಇದ್ದರೆ ಬಾಯಿ ಅದಕ್ಕಿಂತ ಒಂದು ಮಿಲಿಮೀಟರಿನಷ್ಟು ಕಿರಿದಾಗಬೇಕು. ಆಯಿತು. ರಾಯಚೂರಿನ ಬಂದೂಕಿನಲ್ಲಿ ಕಳೆದುಹೋಗಿದ್ದ ಆ ಒಂದು ಮಿಲಿಮೀಟರ್ ಇಲ್ಲಿ ಸಿಕ್ಕಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗಿನ ನೆರಳಿನ ಬಳೆಗಳನ್ನು ನೋಡಿದೆ. ಬಳೆ ಒಡೆದು ಕಂಡರೆ ಅಲ್ಲಿ ತಗ್ಗೋ ಉಬ್ಬೋ ಇದೆ ಎಂದರ್ಥ. ಬಾಯಲ್ಲಿ ಮಣ್ಣು ಮೆತ್ತಿದ್ದು ಕಾಣದೆ ಹೊಡೆದ ಬಂದೂಕುಗಳು ತುದಿಯಲ್ಲಿ ಹಾಗೆ ಉಬ್ಬುತ್ತವೆ, ಜನ ಅದನ್ನೇ ಕೊಯ್ದುಹಾಕುವುದು. ಇಲ್ಲಿ ಬಳೆಗಳು ಗುಂಡಗೆ, ಒಂದರೊಳಗೊಂದು.

ದೋಷಗಳೂ ಇದ್ದವು. ಮರದ ಹಿಡಿಕೆಯ ಸಣ್ಣ ನಡುವಿನಲ್ಲಿ ಕೂದಲೆಳೆಯಷ್ಟು ಬಿರುಕು. ಹಿಂದಿನ ಕಪ್ಪು ತಟ್ಟೆಯ ಒಂದು ಮೂಲೆ ಮುಕ್ಕಾಗಿತ್ತು. ಒಂದು ಸ್ಕ್ರೂ ಈಚಿನದು. ನಳಿಗೆಯ ಎಡಮಗ್ಗುಲಲ್ಲಿ ಅಂಗೈಯಗಲ ಜಾಗದಲ್ಲಿ ರಾಗಿ ಚೆಲ್ಲಿದಂತೆ ತುಕ್ಕಿನ ಚುಕ್ಕೆಗಳು.

"ಇವೇನ್ರಿ ಅಜ್ಜಾರ?"

"ಎಲೆಕ್ಷನ್ ಕಲಿ ಅವು," ಎಂದರು. "ಎಲೆಕ್ಷನ್ ಬಂತಂದ್ರ ಠಾಣಿಗೆ ಜಮಾ ಮಾಡ್ಬೇಕಲ್ಲ. ಎರಡೆರಡು ತಿಂಗಳು ಮೂಲಿಗೆ ನಿಂತಿರತೈತಿ. ಯಾರು ಒರಸ್ತಾರ? ನಾ ಎಣ್ಣಿ ಬಟ್ಟಿ ಸುತ್ತಿ ಕೊಡ್ತಿದ್ದೆ, ಹೊಳ್ಳಿ ಬರೋವಾಗ ಬಟ್ಟಿ ಇರ್ತಿರ್ಲಿಲ್ಲ."

ಲೈಸನ್ಸ್ ಇಟ್ಟುಕೊಂಡ ಎಲ್ಲರಿಗೂ ಗೊತ್ತಿರುವ ನೋವು ಇದು. ಕಾನೂನು ಸುವ್ಯವಸ್ಥೆಗೆ ಜಮಾ ಬೇಕು ಎಂದು ನಾನೂ ಒಪ್ಪುತ್ತೇನೆ. ಆದರೆ ಎಂಬತ್ತು ವರ್ಷ ಉಳಿದ ಉಕ್ಕಿಗೆ ಎಂಬತ್ತು ದಿನದ ತೇವ ಸಾಕು. ಒಂದು ಡಬ್ಬಿ ಎಣ್ಣೆ, ಒಂದು ಒಣ ಕಪಾಟು ಇಟ್ಟರೆ ಆಗುತ್ತದೆ.

ಕೊನೆಗೆ ತೋಟಾ ಕೊಳವೆಯ ತುದಿ ಬಿಚ್ಚಿದಾಗ ಸ್ಪ್ರಿಂಗಿನ ಒಳಗಿಂದ ಒಂದು ಗೇಣಿಗಿಂತ ಸ್ವಲ್ಪ ಉದ್ದದ ಮರದ ಕಡ್ಡಿ ಜಾರಿ ನನ್ನ ಅಂಗೈಗೆ ಬಿತ್ತು. ಅಜ್ಜಾರಿಗೇ ಅದು ಗೊತ್ತಿರಲಿಲ್ಲ. ಅಪ್ಪ ತಂದದ್ದು, ತಾವು ಅರವತ್ತು ವರ್ಷ ಒರೆಸಿದ್ದು, ಆದರೆ ಆ ತುದಿಯನ್ನು ಎಂದೂ ಬಿಚ್ಚಿರಲಿಲ್ಲ.

ಅದು ಏನೆಂದು ನನಗೆ ಗೊತ್ತಿತ್ತು. ಅಮೆರಿಕದಲ್ಲಿ 1935ರಲ್ಲಿ ವಲಸೆ ಹಕ್ಕಿಗಳ ಬೇಟೆಗೆ ಒಂದು ನಿಯಮ ಬಂತು: ಬಾತುಕೋಳಿ, ಹೆಬ್ಬಾತು ಹೊಡೆಯುವಾಗ ಬಂದೂಕಿನಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು. ಹಕ್ಕಿಗಳು ತೀರಿಹೋಗುತ್ತವೆ ಎಂಬ ಭಯ ಅವರಿಗೆ ಆಗಲೇ ಹುಟ್ಟಿತ್ತು. ಅದಕ್ಕೇ ಕೊಳವೆಯೊಳಗೆ ಇಂಥ ಕಡ್ಡಿ ಇಟ್ಟು ಜಾಗ ಕಡಿಮೆ ಮಾಡುತ್ತಿದ್ದರು. ಭಾರತದಲ್ಲಿ ಆ ಕಡ್ಡಿಗೆ ಏನೂ ಕೆಲಸವಿಲ್ಲ. ಅಂದಮೇಲೆ ಈ ಬಂದೂಕು ಅಲ್ಲಿಂದ ಹೊರಟು, ಒಬ್ಬ ಮನುಷ್ಯನ ಜೊತೆ ಹಡಗು ಹತ್ತಿ ಬಂದದ್ದಿರಬೇಕು. ಅಜ್ಜಾರ ಅಪ್ಪ ಹೇಳಿದ ದೊರೆಯ ಕಥೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿರಲಿಲ್ಲ. ನಾನು ಇದನ್ನೆಲ್ಲ ಹೇಳಿದಾಗ ಅಜ್ಜಾರು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಏನೂ ಅನ್ನಲಿಲ್ಲ.

ಬೆಲೆಯ ಮಾತು ಬಂತು. ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಮೊಮ್ಮಗ ಫೋನಿನಲ್ಲೇ ಸೇರಿಕೊಂಡ. ಅಮೆರಿಕದ ಹರಾಜಿನ ಬೆಲೆ ನೋಡಿದ್ದ ಹುಡುಗ, ಮೂರೂವರೆ ಲಕ್ಷ ಎಂದ. ಅವನ ತಪ್ಪಿಲ್ಲ. ಆದರೆ ಅವನು ನೋಡಿದ್ದು 28 ಬೋರಿನದನ್ನು. ಅಲ್ಲಿ ಸಂಗ್ರಾಹಕರು ಸಣ್ಣ ಬೋರಿಗೆ ಮುಗಿಬೀಳುತ್ತಾರೆ. 12 ಬೋರ್ ಲಕ್ಷಗಟ್ಟಲೆ ತಯಾರಾದ ಕಾರಣ ಅದರ ಬೆಲೆ ಕಡಿಮೆ. ನಮ್ಮಲ್ಲಿ ಲೆಕ್ಕ ತಲೆಕೆಳಗು. ಇಲ್ಲಿ ಸಲೀಸಾಗಿ ಸಿಗುವುದು ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ 12 ಬೋರ್ ತೋಟಾ. 28 ಬೋರಿನ ಬಂದೂಕು ತಂದರೆ ಗೋಡೆಗೆ ತೂಗುಹಾಕಿ ಕೂರಬೇಕು. 12 ಬೋರಿನಲ್ಲೂ ತೋಟಾದ ಉದ್ದ ನೋಡಬೇಕು. ಹಳೆಯ ಇಂಗ್ಲಿಷ್ ಜೋಡು ನಳಿಗೆಗಳಲ್ಲಿ ಬಹಳಷ್ಟು 65 ಮಿಲಿಮೀಟರಿಗೆ ಕೊರೆದವು, ಅವಕ್ಕೆ 70ರ ತೋಟಾ ಹಾಕುವುದು ಅಪಾಯ. ಮಾದರಿ 12ರ 12 ಬೋರ್ ಸಾಮಾನ್ಯವಾಗಿ 70ಕ್ಕೇ ಇದೆ. ಇನ್ನೂ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. 1897ಕ್ಕೂ ಮಾದರಿ 12ಕ್ಕೂ, ಟ್ರಿಗರನ್ನು ಒತ್ತಿಹಿಡಿದೇ ಹಿಡಿ ಮುಂದೆ ತಳ್ಳಿದರೆ ಬೀಗ ಬಿದ್ದ ಕೂಡಲೇ ಗುಂಡು ಹಾರುವ ಗುಣವಿದೆ. ಈಗಿನ ಬಂದೂಕುಗಳಲ್ಲಿ ಅದನ್ನು ತಡೆಯುವ ಭಾಗ ಇರುತ್ತದೆ. ಹಳೆಯದನ್ನು ಕೊಳ್ಳುವವರು ಬೆಲೆಗಿಂತ ಮೊದಲು ಇದನ್ನು ತಿಳಿದಿರಬೇಕು.

ನಾನು ಬೇರಿಂಗ್ ಡಬ್ಬಿಯ ರಟ್ಟಿನ ಮೇಲೆ ಲೆಕ್ಕ ಬರೆದು ಅಜ್ಜಾರ ಮುಂದಿಟ್ಟೆ. ಮೂಲ ಬಣ್ಣ, ಕೂಡಿದ ಸಂಖ್ಯೆ, ಕೊಯ್ಯದ ನಳಿಗೆ, ತುಂಬು ಚೋಕ್, ಮದ್ರಾಸ್ ಸರಕಾರದ ಕಾಲದಿಂದ ಒಂದೂ ತಪ್ಪದ ಕಾಗದಪತ್ರ, ಇವೆಲ್ಲ ಮೇಲಕ್ಕೆ. ಬಿರುಕು, ತುಕ್ಕು, ಮುಕ್ಕು, ಸ್ಕ್ರೂ ಕೆಳಕ್ಕೆ. ನನಗೆ ಕಂಡ ಬೆಲೆ ಒಂದು ಲಕ್ಷ ತೊಂಬತ್ತು ಸಾವಿರ. ಇದಕ್ಕಿಂತ ಕಡಿಮೆ ಹೇಳಿ ಚೌಕಾಸಿ ಮಾಡಬಹುದಿತ್ತು. ಮನಸ್ಸಾಗಲಿಲ್ಲ. ಮೊಮ್ಮಗ ಫೋನಿನಲ್ಲಿ, "ತಾತಾ, ಪಾಲಿಶ್ ಮಾಡ್ಸಿದ್ರೆ ಇನ್ನೂ ಐವತ್ತು ಸಾವಿರ ಬರುತ್ತಲ್ವಾ?" ಎಂದ.

ಅಜ್ಜಾರು ನನ್ನ ಮುಖ ನೋಡಿದರು. ನಾನು ರಾಯಚೂರಿನ ಕಥೆ ಹೇಳಿದೆ. ಅಕ್ಷರದ ಅಂಚು, ಬಟ್ಟಲಾದ ಸ್ಕ್ರೂ, ಕಳೆದುಹೋದ ಮಿಲಿಮೀಟರು. ಪಾಲಿಶ್ ಮಾಡಿಸಿದ ದಿನ ಇದರ ಬೆಲೆ ಅರ್ಧಕ್ಕೆ ಇಳಿಯುತ್ತದೆ, ನಾನು ಕೊಳ್ಳುವುದಿಲ್ಲ ಎಂದೆ. ಹೊಟ್ಟೆಯ ಕೆಳಗಿನ ಬೆಳ್ಳಿಯ ಜಾಗದ ಮೇಲೆ ಅಜ್ಜಾರು ತಮ್ಮ ಎಡಗೈ ಇಟ್ಟರು. ಬೆರಳುಗಳು ಸವೆತದೊಳಗೆ ಹೊಂದಿ ಕೂತವು.

"ಇದು ನಂದು, ನಮ್ಮಪ್ಪಂದು ಕೈ ಐತಪಾ," ಎಂದರು ಫೋನಿಗೆ. "ಇದನ್ನ ಉಜ್ಜಿಸಿ ಮಾರೋದಾದ್ರ ಬ್ಯಾಡ."

ಮಗನಿಗೂ ಮೊಮ್ಮಗನಿಗೂ ಬಂದೂಕು ಬೇಡ. ಇಪ್ಪತ್ತೈದು ವರ್ಷ ಇಟ್ಟುಕೊಂಡವರು ಅಥವಾ ಎಪ್ಪತ್ತು ದಾಟಿದವರು ತಾವು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಬಹುದು ಎಂದು 2016ರ ನಿಯಮಗಳಲ್ಲಿ ಅವಕಾಶವಿದೆ. ಅಜ್ಜಾರು ಹದಿನೈದು ವರ್ಷ ಕಾದಿದ್ದರು, ಯಾರಾದರೂ ಕೇಳಲಿ ಎಂದು. ಸುರಕ್ಷತೆಯ ತರಬೇತಿ, ಪೊಲೀಸ್ ವರದಿ, ಐದು ವರ್ಷಕ್ಕೊಮ್ಮೆ ನವೀಕರಣ, ಎಲೆಕ್ಷನ್ನಿಗೆ ಜಮಾ. ಹೈದರಾಬಾದಿನ ಅಪಾರ್ಟ್‌ಮೆಂಟಿನಲ್ಲಿ ಕೂತವರಿಗೆ ಇಷ್ಟು ತಾಪತ್ರಯ ಯಾಕೆ ಬೇಕು? ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಾರಿಗೂ ಇರಲಿಲ್ಲ. ಸಂಕಟ ಇತ್ತು, ಅಷ್ಟೇ.

ಮುಂದಿನದು ಕಾಗದದ ಕೆಲಸ. ನನ್ನ ಲೈಸನ್ಸಿಗೆ ಎರಡನೆಯ ಆಯುಧ ಸೇರಿಸಿಕೊಳ್ಳಲು ಕೊಪ್ಪಳದಲ್ಲಿ ಮೊದಲೇ ಅನುಮತಿ ಪಡೆದಿದ್ದೆ. ಮಾರುವವರು ತಮ್ಮ ಉದ್ದೇಶವನ್ನು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು. ತಿಳಿಸಿ 45 ದಿನ ಕಳೆಯುವ ತನಕ ಬಂದೂಕು ಕೈ ಬದಲಿಸುವಂತಿಲ್ಲ. ಅಜ್ಜಾರು ನಡುಗುವ ಕೈಯಲ್ಲೇ, ದುಂಡಗಿನ ಅಕ್ಷರದಲ್ಲಿ, ಅರ್ಜಿಯನ್ನು ತಾವೇ ಬರೆದರು.

ಆ ನಲವತ್ತೈದು ದಿನ ಮಳೆಗಾಲದೊಳಗೆ ಬಿದ್ದವು. ಜಲಾಶಯದಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿತು. ಬಿರುಕಿನ ಫೋಟೊ ಹಿಡಿದು ನಾನು ಕಿನ್ನಾಳಕ್ಕೆ ಹೋಗಿ, ಮರದ ಕೆಲಸ ಬಲ್ಲ ಒಬ್ಬ ಹಿರಿಯರನ್ನು ಕೇಳಿದೆ. ಅವರು ಫೋಟೊ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಎಣ್ಣೆ ಕುಡಿದ ಮರ, ಅಂಟು ಹಿಡಿಯುವುದಿಲ್ಲ. ಮೊದಲು ಎಣ್ಣೆ ಹೀರಿ ತೆಗೆದು ಆಮೇಲೆ ಸಂದಿಗೆ ಮಾತ್ರ ಅಂಟು ಬಿಡಬೇಕು, ಮೇಲಿನ ಮೈ ಮುಟ್ಟಬೇಡಿ ಎಂದರು. ಹಣ ತೆಗೆದುಕೊಳ್ಳಲಿಲ್ಲ. ಅವರು ಗೊಂಬೆ ಕೆತ್ತುವ ಮನೆತನದವರು. ಕಿನ್ನಾಳದವರಿಗೂ ವಿಂಚೆಸ್ಟರಿನ ಆ ಹೆಸರಿಲ್ಲದ ಬಡಗಿಗೂ ಮರದ ವಿಷಯದಲ್ಲಿ ಒಂದೇ ಮಾತು ಇದ್ದೀತು ಎಂದು ನನಗೆ ಅನಿಸಿತು.

ಹೊಸಪೇಟೆ ಸುತ್ತಿಕೊಂಡು ಬಳ್ಳಾರಿಗೆ ಹೋದ ದಿನ ಅಜ್ಜಾರು ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿ ಕೂತಿದ್ದರು. ಹಣ ಬ್ಯಾಂಕಿಗೆ ಹೋಯಿತು. ಠಾಣೆಯ ರಿಜಿಸ್ಟರಿನಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಹೆಸರು ಬರೆದದ್ದು ಆಯಿತು. ಅವರ ಲೈಸನ್ಸ್ ಪುಸ್ತಕವನ್ನೂ ಒಪ್ಪಿಸಬೇಕಾಯಿತು; ಮದ್ರಾಸಿನ ಮುದ್ರೆಯ ಹಳೆಯ ಹಾಳೆಗಳ ಜೆರಾಕ್ಸ್ ಒಂದನ್ನು ಇಟ್ಟುಕೊಂಡರು. ಬಂದೂಕನ್ನು ಎರಡು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕುವಾಗ ನನ್ನ ಪಕ್ಕದಲ್ಲೇ ನಿಂತು, ಪಿನ್ನು ಒತ್ತುವುದು, ಕಾಲು ಸುತ್ತು ತಿರುಗಿಸುವುದು, ಎಲ್ಲವನ್ನೂ ಅವರ ಕೈಗಳು ಗಾಳಿಯಲ್ಲಿ ನನ್ನ ಜೊತೆಗೇ ಮಾಡಿದವು.

ಹೊರಡುವ ಹೊತ್ತಿಗೆ ನಾನು ಜೇಬಿನಿಂದ ಆ ಮರದ ಕಡ್ಡಿ ತೆಗೆದೆ. ಮೂಲ ಕಡ್ಡಿ ಇದ್ದರೆ ಕೊಳ್ಳುವವರು ಬೆಲೆ ಮೇಲೆ ಕಟ್ಟುತ್ತಾರೆ. ರಟ್ಟಿನ ಮೇಲಿನ ನನ್ನ ಲೆಕ್ಕದಲ್ಲಿ ಅದನ್ನು ಬರೆದಿರಲಿಲ್ಲ.

"ಇದನ್ನ ನೀವ ಇಟ್ಕೋರಿ ಅಜ್ಜಾರ."

ಅವರು ಠಾಣೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇದು ಲೈಸನ್ಸಿಗೆ ಬರಂಗಿಲ್ಲಲ್ಲ, ತಮ್ಮಾ?"

"ಇಲ್ರಿ. ಇದು ಬರೀ ಕಟಿಗಿ."

ಅಂಗಿಯ ಒಳಜೇಬಿಗೆ ಅದನ್ನು ಸೇರಿಸಿ, ಮೇಲಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡು, ರಿಕ್ಷಾ ಕರೆದರು.